ಆರನೆಯ ಹೆಬ್ಬೆಟ್ಟು

ಪಾಪಯ್ಯನನ್ನು ಒಪ್ಪಿಸಲು ನರಸಿಂಹಯ್ಯನಿಗೆ ಹಿಡಿದದ್ದು ಒಂದು ಲೋಟ ಕಷಾಯ ಆರುವಷ್ಟು ಹೊತ್ತು. ಹೋರಿ ಕೊಳ್ಳುವವನು ಕೂಡ ಹಲ್ಲು ನೋಡಿ, ಸುಳಿ ನೋಡಿ, ಟವೆಲ್ಲಿನ ಕೆಳಗೆ ಬೆರಳು ಹಿಡಿದು ಇದಕ್ಕಿಂತ ಹೆಚ್ಚು ಹೊತ್ತು ಚೌಕಾಸಿ ಮಾಡುತ್ತಾನೆ. ಇಲ್ಲಿ ಚೌಕಾಸಿಯೇ ಇರಲಿಲ್ಲ. ಒಬ್ಬ ಯಜಮಾನ, ಒಬ್ಬ ಆಳು, ನಡುವೆ ಇಪ್ಪತ್ತಮೂರು ವರ್ಷದ ಅನ್ನ.

ನರಸಿಂಹಯ್ಯನದು ಬೆಂಗಳೂರಿನ ಹತ್ತಿರದ ವಿಜಯಪುರದಲ್ಲಿ ರೇಷ್ಮೆ ನೂಲು ಹೊಸೆಯುವ ಹುರಿ ಕಾರ್ಖಾನೆ. ದೊಡ್ಡದೇನಲ್ಲ, ಹನ್ನೊಂದು ಜನ ಆಳು. ಕಾರ್ಖಾನೆಯ ಹಿಂದೆಯೇ ಮನೆ, ಮನೆಯ ಹಿತ್ತಿಲಲ್ಲಿ ಒಂದು ಬೇವಿನ ಮರ, ಮರ ತಬ್ಬಿಕೊಂಡು ಹಬ್ಬಿದ ಅಮೃತಬಳ್ಳಿ. ದಿನಾ ಬೆಳಿಗ್ಗೆ ಅದರ ಕಾಂಡ ಜಜ್ಜಿ, ಮೆಣಸು ಹಾಕಿ, ದೊಡ್ಡ ಪಾತ್ರೆಯಲ್ಲಿ ಕಷಾಯ ಕುದಿಸುವವನು ನರಸಿಂಹಯ್ಯನೇ. ಮಿಷನ್ನಿನ ಸ್ವಿಚ್ಚು ಒತ್ತುವ ಮೊದಲು ಹನ್ನೊಂದು ಜನವೂ ಸಾಲಾಗಿ ನಿಂತು ಒಂದೊಂದು ಲೋಟ ಕುಡಿಯಬೇಕು. ಕುಡಿಯದಿದ್ದರೆ ಕೆಲಸವಿಲ್ಲ ಅಂತ ಯಾರೂ ಬೋರ್ಡು ಬರೆದು ಹಾಕಿರಲಿಲ್ಲ, ಆದರೆ ಕುಡಿಯದೆ ನೋಡೋಣ ಅಂದವನೂ ಯಾರೂ ಇರಲಿಲ್ಲ. ಜ್ವರಕ್ಕೂ ಅದೇ, ಮಂಡಿನೋವಿಗೂ ಅದೇ, ಶುಗರ್ರಿಗಂತೂ ಕೇಳಲೇಬೇಡಿ. ಊರವರು ಅವನನ್ನು ಕಷಾಯದ ನರಸಿಂಹಯ್ಯ ಅನ್ನುತ್ತಿದ್ದರು. ಆ ಹೆಸರು ಕಿವಿಗೆ ಬಿದ್ದರೆ ಅವನ ಮುಖ ಊರಗಲ ಆಗುತ್ತಿತ್ತು.

ಆ ಕಷಾಯ ಅವನ ಸ್ವಂತ ಮಗಳನ್ನೇ ಉಳಿಸಿರಲಿಲ್ಲ ಅನ್ನುವುದನ್ನು ಮಾತ್ರ ಯಾರೂ ಅವನ ಮುಂದೆ ಎತ್ತುತ್ತಿರಲಿಲ್ಲ. ಇದ್ದವಳು ಒಬ್ಬಳೇ ಮಗಳು, ಶಿಲ್ಪ. ಹದಿನಾಲ್ಕಕ್ಕೆ ಸಕ್ಕರೆ ಕಾಯಿಲೆ ಹಿಡಿಯಿತು, ಮೂವತ್ತಕ್ಕೆ ಕಣ್ಣು ಹೋಯಿತು, ಮೂವತ್ತಮೂರಕ್ಕೆ ಕಿಡ್ನಿ ಹೋಯಿತು, ಆಮೇಲೆ ಅವಳೇ ಹೋದಳು. ಅಳಿಯ ವರ್ಷ ತುಂಬುವುದರೊಳಗೆ ಇನ್ನೊಂದು ತಾಳಿ ಕಟ್ಟಿ ಹೊಸಕೋಟೆ ಸೇರಿಕೊಂಡ. ಶಿಲ್ಪ ಅಪ್ಪನ ಪಾಲಿಗೆ ಬಿಟ್ಟುಹೋದದ್ದು ಹತ್ತು ವರ್ಷದ ಕೀರ್ತನಳನ್ನು. ಎರಡು ವರ್ಷ ಕಳೆಯಿತೋ ಇಲ್ಲವೋ, ಕೀರ್ತನಳ ರಕ್ತದಲ್ಲೂ ಅದೇ ಕಾಯಿಲೆ ತಲೆ ಎತ್ತಿತು.

ಈಗ ಕೀರ್ತನಳಿಗೆ ಇಪ್ಪತ್ತಮೂರು. ಖಾಸಗಿ ಶಾಲೆಯಲ್ಲಿ ಟೀಚರ್ರು. ಹೋದ ವರ್ಷ ಬಲಗಣ್ಣಿನೊಳಗೆ ರಕ್ತನಾಳ ಒಡೆದು ಅರ್ಧ ಮಬ್ಬಾಗಿತ್ತು, ಎಡಗಣ್ಣೂ ಮಸುಕಾಗುತ್ತಿತ್ತು. ಸಿರಿಂಜಿನ ಮೇಲಿನ ಸಣ್ಣ ಗೆರೆಗಳು ಕಾಣುತ್ತಿರಲಿಲ್ಲ. ಅದಕ್ಕೇ ಬೆಳಿಗ್ಗೆ ಸಂಜೆ ತಾತನ ಮುಂದೆ ಬಂದು ನಿಂತು ಸಿರಿಂಜು ಹಿಡಿಯುತ್ತಿದ್ದಳು.

"ಇಪ್ಪತ್ತೆರಡಕ್ಕೆ ಬಂತಾ ತಾತ?"

"ಇನ್ನೊಂಚೂರು ಎಳಿಯಮ್ಮ. ಹಾಂ, ಬಂತು. ಇಪ್ಪತ್ತೆರಡು."

ಆಮೇಲೆ ಅವಳು ಚುಚ್ಚಿಕೊಳ್ಳುತ್ತಿದ್ದಳು. ಮಗಳ ಕಣ್ಣು ಹೋದ ಬಗೆಯನ್ನು ದಿನದಿನವೂ ನೋಡಿದ್ದ ಮುದುಕ. ಮೊಮ್ಮಗಳದ್ದೂ ಹಾಗೇ ಹೋಗುವುದನ್ನು ನೋಡುವುದಕ್ಕಿಂತ ತಾನು ಕೆರೆಗೆ ಬೀಳುವುದು ಮೇಲು ಅನ್ನಿಸುತ್ತಿತ್ತು ಅವನಿಗೆ. ಆ ಪ್ರೀತಿಯಲ್ಲಿ ಸುಳ್ಳಿರಲಿಲ್ಲ. ಮುಂದೆ ಅವನು ಮಾಡಿದ್ದೆಲ್ಲವನ್ನೂ ಆ ಪ್ರೀತಿಯಿಂದಲೇ ಮಾಡಿದ ಅನ್ನುವುದನ್ನು ನೆನಪಿಟ್ಟುಕೊಳ್ಳಿ. ಅವನಿಗೆ ಮಾಫಿ ಕೊಡಿ ಅಂತಲ್ಲ, ಪ್ರೀತಿಯ ಯೋಗ್ಯತೆಯೂ ಎಷ್ಟರದು ಅಂತ ಗೊತ್ತಿರಲಿ ಅಂತ.

ಬೆಂಗಳೂರಿನ ಒಂದು ಆಸ್ಪತ್ರೆಯಲ್ಲಿ ಹೊಸ ಚಿಕಿತ್ಸೆಯ ಟ್ರಯಲ್ ನಡೆಯುತ್ತಿತ್ತು. ಜೀನ್ ಥೆರಪಿ ಅಂತ ಹೆಸರು. ಅದನ್ನು ನಡೆಸುತ್ತಿದ್ದ ಡಾಕ್ಟರ್ ಮೋನಿಷಾ ತಾತ ಮೊಮ್ಮಗಳನ್ನು ಕೂರಿಸಿಕೊಂಡು ತಾಳ್ಮೆಯಿಂದ ಹೇಳಿದ್ದರು.

"ಕೀರ್ತನ ಶರೀರದಲ್ಲಿ ಇನ್ಸುಲಿನ್ ಮಾಡೋ ಜಾಗ ಕೆಟ್ಟುಹೋಗಿದೆ. ಅದು ರಿಪೇರಿ ಆಗಲ್ಲ. ಅದಕ್ಕೆ ನಾವು ಇನ್ಸುಲಿನ್ ಮಾಡೋ ಜೀನನ್ನ, ರೋಗ ತರದೇ ಇರೋ ಒಂದು ವೈರಸ್ ಒಳಗೆ ಕೂರಿಸಿ ರಕ್ತಕ್ಕೆ ಬಿಡ್ತೀವಿ. ವೈರಸ್ಸು ಬರೀ ಬಸ್ಸು, ಜೀನು ಪ್ಯಾಸೆಂಜರ್. ಅದು ಹೋಗಿ ಲಿವರಲ್ಲಿ ಇಳಿಯುತ್ತೆ. ಲಿವರ್ ಇನ್ಸುಲಿನ್ ಮಾಡೋದು ಕಲಿತರೆ ಸೂಜಿ ಬೇಕಾಗಲ್ಲ. ಕಲಿಯುತ್ತೆ ಅಂತ ನಾನು ಆಣೆ ಮಾಡಲ್ಲ. ಅದನ್ನ ನೋಡೋಕೇ ಈ ಟ್ರಯಲ್."

"ಯಾವಾಗ ಹಾಕ್ತೀರಿ ಡಾಕ್ಟ್ರೇ?" ಅಂದ ನರಸಿಂಹಯ್ಯ. ಅವನಿಗೆ ಕೇಳಿಸಿದ್ದು ಸೂಜಿ ಬೇಕಾಗಲ್ಲ ಅನ್ನುವುದಷ್ಟೇ.

ಅಲ್ಲೇ ಗಂಟು. ಮೊದಲ ತಂಡಕ್ಕೆ ನಲವತ್ತು ದಾಟಿದ ಆರು ಜನ ಬೇಕು. ಆ ಆರೂ ಜನ ಔಷಧಿ ತೆಗೆದುಕೊಂಡು ಮೂರು ತಿಂಗಳು ನೆಟ್ಟಗಿದ್ದರೆ ಮಾತ್ರ ಎರಡನೇ ತಂಡಕ್ಕೆ, ಅಂದರೆ ಎಳೆಯರಿಗೆ. ಎರಡನೇ ತಂಡದ ಪಟ್ಟಿಯಲ್ಲಿ ಕೀರ್ತನಳದ್ದೇ ಮೊದಲ ಹೆಸರು. ಆದರೆ ಮೊದಲ ತಂಡಕ್ಕೆ ಸಿಕ್ಕಿದ್ದು ಐದೇ ಜನ. ಆರನೆಯವನು ನಾಲ್ಕು ತಿಂಗಳಿಂದ ಸಿಕ್ಕಿರಲಿಲ್ಲ. ಬಂದವರೆಲ್ಲ ವೈರಸ್ಸು ಅನ್ನುವ ಮಾತು ಕೇಳಿಯೇ ಚಪ್ಪಲಿ ಮೆಟ್ಟಿಕೊಂಡು ಹೊರಟುಬಿಡುತ್ತಿದ್ದರು.

"ನಾನೇ ಒಬ್ಬನ್ನ ಕರ್ಕೊಂಡು ಬಂದ್ರೆ?"

"ಅವರಾಗೇ ಇಷ್ಟಪಟ್ಟು ಬರಬೇಕು. ಬಲವಂತ ಇರಬಾರದು."

"ತಾನಾಗೇ ಬರ್ತಾನೆ ಡಾಕ್ಟ್ರೇ," ಅಂದ ನರಸಿಂಹಯ್ಯ. ಆ ಹೊತ್ತಿಗಾಗಲೇ ಅವನ ಮನಸ್ಸಿನಲ್ಲಿ ಪಾಪಯ್ಯನ ಕತ್ತಿಗೆ ಹೂವಿನ ಹಾರ ಬಿದ್ದಿತ್ತು. ಹರಕೆ ಕುರಿಗೆ ಹಾಕುತ್ತಾರಲ್ಲ, ಆ ಹಾರ.

ಪಾಪಯ್ಯ ಆ ಕಾರ್ಖಾನೆಯ ಹಳೇ ಆಳು. ನಲವತ್ತೊಂಬತ್ತು ವರ್ಷ. ಅವನಿಗೂ ಇಪ್ಪತ್ತಾರನೇ ವಯಸ್ಸಿನಿಂದ ಶುಗರ್, ಅವನೂ ಇನ್ಸುಲಿನ್ ಚುಚ್ಚಿಕೊಂಡೇ ಬದುಕಿದವನು. ಮಕ್ಕಳಿಲ್ಲ. ಮನೆಯಲ್ಲಿ ಹೆಂಡತಿ ಅನುಸೂಯಮ್ಮ, ಎರಡು ಮೇಕೆ. ಓದು ಬರಹ ಬಾರದು. ಹರಿದ ಎಳೆಯನ್ನು ಕಣ್ಣು ಮುಚ್ಚಿ ಹುಡುಕಿ ಗಂಟು ಹಾಕುತ್ತಿದ್ದ, ಆ ಗಂಟು ಆಮೇಲೆ ಎಲ್ಲಿದೆ ಅಂತ ಯಾರಿಗೂ ಸಿಗುತ್ತಿರಲಿಲ್ಲ.

ಅವತ್ತು ಬೆಳಿಗ್ಗೆ ಮಿಕ್ಕವರೆಲ್ಲ ಕಷಾಯ ಕುಡಿದು ಒಳಗೆ ಹೋದ ಮೇಲೆ ನರಸಿಂಹಯ್ಯ ಅವನನ್ನು ಬೇವಿನ ಕಟ್ಟೆಯ ಮೇಲೆ ಕೂರಿಸಿ ವಿಷಯ ಹೇಳಿದ. ಪಾಪಯ್ಯ ಲೋಟ ಹಿಡಿದುಕೊಂಡು ಕೇಳಿದ.

"ನಂಗೇನೂ ಆಗಲ್ವಾ ಅಣ್ಣ?"

"ಆಗುತ್ತೆ ಕಣ್ಲಾ. ವಾಸಿ ಆಗುತ್ತೆ. ನಾನು ನಿನ್ನ ಬಾವಿಗೆ ತಳ್ತೀನೇನ್ಲಾ?"

"ಹಂಗಲ್ಲಣ್ಣ. ಒಳಗೆ ಹೋದ ವೈರಸ್ಸು ಮತ್ತೆ ಹೊರಗೆ ಬರಲ್ಲ ಅಂತಾರಲ್ಲ..."

"ನಿನ್ನ ಮದುವೆ ಮಾಡಿಸಿದ್ದು ಯಾರು?"

"ನೀವೇ."

"ಅನುಸೂಯಮ್ಮನ ಆಪರೇಷನ್ನಿಗೆ ಆಸ್ಪತ್ರೇಲಿ ಮೂರು ದಿನ ಕೂತಿದ್ದು ಯಾರು?"

ಪಾಪಯ್ಯ ತಲೆ ತಗ್ಗಿಸಿದ.

"ಕೀರ್ತನ ನಿನ್ನ ಕಣ್ಣೆದುರಿಗೇ ಬೆಳೆದ ಮಗು. ಅವಳ ಕಣ್ಣು ಹೋದ್ರೆ ನೀನು ನೋಡ್ಕೊಂಡಿರ್ತೀಯಾ? ಹೇಳ್ಲಾ."

ಕಷಾಯ ಆರಿತ್ತು. ಪಾಪಯ್ಯ ಅದನ್ನು ಒಂದೇ ಗುಟುಕಿಗೆ ಕುಡಿದು ಬಾಯಿ ಒರೆಸಿಕೊಂಡು, "ಯಾವತ್ತು ಹೋಗಬೇಕಣ್ಣ?" ಅಂದ.

ಆಸ್ಪತ್ರೆಯಲ್ಲಿ ಡಾಕ್ಟರ್ ಮೋನಿಷಾ ಒಪ್ಪಿಗೆ ಪತ್ರದ ಹದಿನೆಂಟು ಹಾಳೆಯನ್ನೂ ಕನ್ನಡದಲ್ಲಿ ಓದಿ ಹೇಳಿಸಿದರು. ಒಂದು ಮಾತನ್ನು ಮಾತ್ರ ತಾವೇ ಎರಡೆರಡು ಸಲ ಹೇಳಿದರು. "ಇವತ್ತಿಂದ ನಾಟಿ ಔಷಧಿ, ಕಷಾಯ, ಚೂರ್ಣ, ಏನೂ ಮುಟ್ಟಬಾರದು. ಈ ಔಷಧಿ ಹೋಗಿ ಕೂರೋದೇ ಲಿವರಲ್ಲಿ. ಆ ಲಿವರಿಗೆ ಬೇರೆ ಯಾವ ಭಾರಾನೂ ಬೀಳಬಾರದು. ಇದು ಕೀರ್ತನಗೂ ಸೇರಿ."

"ಹಾಗಾದ್ರೆ ಅಮೃತಬಳ್ಳಿ..." ಅಂತ ಪಾಪಯ್ಯ ಬಾಯಿ ತೆಗೆಯುವುದರೊಳಗೆ ನರಸಿಂಹಯ್ಯನೇ, "ಬಿಡಿಸ್ತೀನಿ ಡಾಕ್ಟ್ರೇ, ನನ್ನ ಜವಾಬ್ದಾರಿ," ಅಂದ.

ಪಾಪಯ್ಯ ಕೊನೆಗೆ ಕೇಳಿದ್ದು ಒಂದೇ ಪ್ರಶ್ನೆ. "ಇದು ವಾಸಿ ಆದ್ಮೇಲೆ ಯುಗಾದೀಲಿ ಒಬ್ಬಟ್ಟು ತಿನ್ಬೋದಾ ಮೇಡಂ? ತುಪ್ಪ ಹಾಕ್ಕೊಂಡು?" ಡಾಕ್ಟರು ನಕ್ಕು, ನೋಡೋಣ ಅಂದರು. ಅವನು ಹೆಬ್ಬೆಟ್ಟು ಒತ್ತಿದ. ಸಾಕ್ಷಿಯ ಜಾಗ ತೋರಿಸಿ ಡಾಕ್ಟರು, "ನೀವು ಇವರಿಗೆ ಏನಾಗಬೇಕು?" ಅಂತ ನರಸಿಂಹಯ್ಯನನ್ನು ಕೇಳಿದರು. "ಅಣ್ಣ ಇದ್ದಂಗೆ," ಅಂದವನೇ ಸಹಿ ಮಾಡಿದ.

ಪರೀಕ್ಷೆಗಳೆಲ್ಲ ಮುಗಿದು, ಲಿವರ್ ಚೊಕ್ಕಟವಾಗಿದೆ ಅಂತ ವರದಿ ಬಂದು, ಶ್ರಾವಣದಲ್ಲಿ ಪಾಪಯ್ಯನ ಕೈಗೆ ಆ ಔಷಧಿ ಏರಿತು. ನೀರಿನಂತೆ ತಿಳಿಯಾಗಿತ್ತು. ಇಷ್ಟೇನಾ ಅಂತ ನರಸಿಂಹಯ್ಯನಿಗೆ ಅನ್ನಿಸಿತು. ವಾಪಸು ಬಂದವನು ಅಡುಗೆಮನೆಯ ಗೋಡೆಯ ಕ್ಯಾಲೆಂಡರಿನಲ್ಲಿ ಮೂರು ತಿಂಗಳ ಮುಂದಿನ ತಾರೀಖಿಗೆ ಕುಂಕುಮ ಹಚ್ಚಿದ.

ಐದು ವಾರ ಎಲ್ಲ ಸರಾಗ. ಕಾರ್ಖಾನೆಯ ಶೆಲ್ಫಿನಲ್ಲಿ ಪಾಪಯ್ಯನ ಲೋಟ ಬೋರಲು ಬಿದ್ದಿತ್ತು. "ಏನ್ ಗುರು, ನಮಗೆ ಮಾತ್ರ ಈ ಕಹಿ, ನೀನು ವಿಐಪಿ ಆಗ್ಬಿಟ್ಟೆ," ಅಂತ ಮಿಕ್ಕವರು ರೇಗಿಸುತ್ತಿದ್ದರು. ಅವನ ಇನ್ಸುಲಿನ್ ಮೂವತ್ತರಿಂದ ಇಪ್ಪತ್ತಕ್ಕೆ ಇಳಿಯಿತು. ಆಮೇಲೆ ಅಲ್ಲೇ ನಿಂತಿತು. ಆರನೇ ವಾರವೂ ಇಪ್ಪತ್ತು, ಏಳನೇ ವಾರವೂ ಇಪ್ಪತ್ತು. ಡಾಕ್ಟರು, "ನಿಧಾನಕ್ಕೆ ಆಗುತ್ತೆ, ಗಾಬರಿ ಬೇಡ," ಅಂದರು. ನರಸಿಂಹಯ್ಯನಿಗೆ ಗಾಬರಿ ಆಯಿತು. ಇವನಲ್ಲಿ ಕೆಲಸ ಮಾಡದಿದ್ದರೆ ಔಷಧಿಯೇ ಸರಿಯಿಲ್ಲ ಅಂತ ಮುಚ್ಚಿಬಿಟ್ಟರೆ? ಕೀರ್ತನಳ ಗತಿ ಏನು?

ಎಂಟನೇ ವಾರದ ಸೋಮವಾರ ಅವನು ಆ ಬೋರಲು ಬಿದ್ದ ಲೋಟವನ್ನು ನೆಟ್ಟಗೆ ಮಾಡಿದ.

"ಡಾಕ್ಟ್ರಮ್ಮ ಬೇಡ ಅಂದವ್ರಲ್ಲಣ್ಣ," ಅಂದ ಪಾಪಯ್ಯ.

"ಡಾಕ್ಟ್ರಮ್ಮ ನಿನ್ನ ನೋಡಿದ್ದು ಮೊನ್ನೆ. ನಾನು ಇಪ್ಪತ್ತಮೂರು ವರ್ಷದಿಂದ ನೋಡ್ತಿದೀನಿ. ಇದು ಔಷಧಿ ಏನ್ಲಾ? ಬಳ್ಳಿ. ಮರದ ಮೇಲಿರೋದು. ಆ ಇಂಗ್ಲಿಷ್ ಮದ್ದಿಗೆ ಒಂದು ಕೈ ಆಸರೆ ಕೊಟ್ಟಂಗೆ, ಅಷ್ಟೇ."

"ಕೀರ್ತನಮ್ಮಂಗೂ ಕೊಡ್ತಿದೀರಾ?"

ನರಸಿಂಹಯ್ಯನ ಕಣ್ಣು ಕೆಂಪಾಯಿತು. ಯಾಕೆಂದರೆ ಕೀರ್ತನಳಿಗೆ ಅವನು ಅವತ್ತಿನಿಂದ ಒಂದು ತೊಟ್ಟೂ ಕೊಟ್ಟಿರಲಿಲ್ಲ. ಮೊಮ್ಮಗಳ ಲಿವರ್ ಬೇರೆ, ಆಳಿನ ಲಿವರ್ ಬೇರೆ. ಇದನ್ನು ಅವನು ಬಾಯಿಬಿಟ್ಟು ಹೇಳಲಿಲ್ಲ, ಹೇಳುವ ಅಗತ್ಯವೂ ಇರಲಿಲ್ಲ.

"ಎದುರು ಮಾತಾಡೋದು ಎಲ್ಲಿ ಕಲಿತ್ಯೋ? ಆಸ್ಪತ್ರೇಲಾ? ಕುಡೀಲೇ."

ಪಾಪಯ್ಯ ಕುಡಿದ.

ಹತ್ತು ದಿನಕ್ಕೆ ಇನ್ಸುಲಿನ್ ಇಪ್ಪತ್ತರಿಂದ ಹತ್ತಕ್ಕೆ ಇಳಿಯಿತು. ಡಾಕ್ಟರು ಹೇಳಿದ್ದು ಅದೇ ಅಲ್ಲವೇ, ನಿಧಾನಕ್ಕೆ ಆಗುತ್ತೆ ಅಂತ? ಆದರೆ ನರಸಿಂಹಯ್ಯನಿಗೆ ಅದು ಕೇಳಿಸೀತೆ! ಕಷಾಯದ ಮಹಿಮೆ ಅಂತ ಮೀಸೆ ಮೇಲೆ ಕೈ ಹೋಯಿತು. ಬೆಳಿಗ್ಗೆ ಒಂದು ಲೋಟ ಇದ್ದದ್ದು ಸಂಜೆಗೂ ಒಂದಾಯಿತು. ಕಾಂಡದ ಜೊತೆ ಬೇರೂ ಸೇರಿ ಅದು ಗಟ್ಟಿ ಕರ್ರಗಾಯಿತು. ಕೀರ್ತನ ಹತ್ತಿರ ಇಲ್ಲದ ಹೊತ್ತು ನೋಡಿಕೊಂಡೇ ಕುಡಿಸುತ್ತಿದ್ದ, ಅವಳಿಗೆ ಗೊತ್ತಾದರೆ ರಂಪ ಮಾಡುತ್ತಾಳೆ ಅಂತ. ಮುಚ್ಚಿಡಬೇಕು ಅಂತ ಅನ್ನಿಸಿದ ಮೇಲೆ ಅದು ತಪ್ಪು ಅಂತ ಗೊತ್ತಿತ್ತು ಅಂತಲೇ ಅರ್ಥ.

ಕುಂಕುಮ ಹಚ್ಚಿದ ತಾರೀಖಿಗೆ ಇನ್ನು ಹದಿನಾರು ದಿನ ಇದೆ ಅನ್ನುವಾಗ ಅನುಸೂಯಮ್ಮ ಗಂಡನ ಕೈ ಹಿಡಿದುಕೊಂಡು ಬಂದಳು.

"ಅಣ್ಣ, ಇವರ ಕಣ್ಣು ನೋಡಿ. ಅರಿಶಿನ ಕಲಸಿದಂಗೆ ಆಗೈತೆ. ಊಟ ಸೇರ್ತಿಲ್ಲ. ನಾಳೆ ಹೆಂಗೂ ಆಸ್ಪತ್ರೆಗೆ ಹೋಗೋ ದಿನ, ತೋರಿಸ್ಬಿಡಿ."

ನರಸಿಂಹಯ್ಯ ಪಾಪಯ್ಯನ ರೆಪ್ಪೆ ಎಳೆದು ನೋಡಿದ. ಕಾಮಾಲೆ. ನಾಳೆ ಈ ಕಣ್ಣನ್ನು ಡಾಕ್ಟರು ನೋಡಿದರೆ ಅಲ್ಲಿಗೆ ಮುಗಿಯಿತು. ಆರು ಜನರೂ ನೆಟ್ಟಗಿರಬೇಕು ಅಂದಿದ್ದರು. ಇನ್ನು ಹದಿನಾರು ದಿನ. ಬರೀ ಹದಿನಾರು.

"ಕಾಮಾಲೆಗೆ ಆಸ್ಪತ್ರೇಲಿ ಮದ್ದಿಲ್ಲ ಕಣಮ್ಮ. ಇಡೀ ಊರಿಗೇ ಗೊತ್ತಿರೋ ವಿಷಯ. ಸೂಲಿಬೆಲೆ ಹತ್ರ ಸೊಪ್ಪಿನ ಔಷಧಿ ಕೊಡೋ ಅಜ್ಜಿ ಅವ್ಳೆ. ಮೂರು ದಿನ, ಮೇಕೆ ಹಾಲಲ್ಲಿ. ಉಪ್ಪು ಎಣ್ಣೆ ಬಿಟ್ರೆ ಆಯ್ತು."

"ಆಸ್ಪತ್ರೆಯವರು ಕೇಳಿದ್ರೆ?"

"ನಾನು ಹೇಳ್ತೀನಿ."

ಹೇಳಿದ. ಫೋನು ಮಾಡಿ, ಪಾಪಯ್ಯ ಅತ್ತೆಯ ತಿಥಿಗೆ ಊರಿಗೆ ಹೋಗಿದಾನೆ, ಮುಂದಿನ ವಾರ ಖಂಡಿತ ಕಳಿಸ್ತೀನಿ ಅಂದ. ಅನುಸೂಯಮ್ಮನ ತಾಯಿ ಆ ಹೊತ್ತಿಗೆ ತನ್ನೂರು ಮಧುರೆಯಲ್ಲಿ ಗಟ್ಟಿಮುಟ್ಟಾಗಿ ಅವರೆಕಾಯಿ ಸುಲಿಯುತ್ತಿದ್ದಳು. ಮುಂದಿನ ವಾರವೂ ತಿಥಿಯ ನೆಪವೇ ಸ್ವಲ್ಪ ಬೆಳೆಯಿತು. ಸೊಪ್ಪಿನ ಔಷಧಿಯ ಜೊತೆಗೆ, ಕಾಮಾಲೆಗೂ ಒಳ್ಳೆಯದು ಅಂತ, ಎರಡು ಲೋಟದ ಕಷಾಯ ನಿಲ್ಲಲಿಲ್ಲ.

ಮತ್ತೆ ನೋಡಿ ದೈವದ ಆಟ. ಪಾಪಯ್ಯನ ಸಕ್ಕರೆ ದಿನೇ ದಿನೇ ಇಳಿಯತೊಡಗಿತು. ನೂರಾಹತ್ತು. ತೊಂಬತ್ತು. ಇನ್ಸುಲಿನ್ ಪೂರಾ ನಿಲ್ಲಿಸಿದ ಮೇಲೂ ಎಪ್ಪತ್ತೆರಡು! ನರಸಿಂಹಯ್ಯ ಸಕ್ಕರೆ ನೋಡುವ ಮಿಷನ್ನಿನ ಅಂಕಿಯನ್ನು ಎಲ್ಲ ಆಳುಗಳಿಗೂ ತೋರಿಸಿದ. ಮನೆಯಲ್ಲಿ ಒಬ್ಬಟ್ಟು ಮಾಡಿಸಿ, ತುಪ್ಪ ಹಾಕಿ, ಪಾಪಯ್ಯನ ಮುಂದೆ ಇಟ್ಟ. "ತಿನ್ಲಾ. ಇಪ್ಪತ್ತಮೂರು ವರ್ಷದ ಆಸೆ." ಪಾಪಯ್ಯ ಒಂದು ತುಂಡು ಬಾಯಿಗಿಟ್ಟು, ಅಲ್ಲೇ ಅಂಗಳದಲ್ಲಿ ವಾಂತಿ ಮಾಡಿಕೊಂಡ. ಸಕ್ಕರೆ ಇಳಿಯುತ್ತಿದ್ದದ್ದು ವಾಸಿಯಾಗಿ ಅಲ್ಲ, ಲಿವರ್ ಕೈಚೆಲ್ಲಿದ್ದಕ್ಕೆ. ಅದು ಆ ಅಂಗಳದಲ್ಲಿ ಯಾರಿಗೂ ಗೊತ್ತಿರಲಿಲ್ಲ.

ಕುಂಕುಮದ ತಾರೀಖಿಗೆ ಇನ್ನು ಮೂರು ದಿನ ಇರುವಾಗ ಪಾಪಯ್ಯ ಹೆಂಡತಿಯನ್ನೇ ಗುರುತು ಹಿಡಿಯಲಿಲ್ಲ. ಅನುಸೂಯಮ್ಮ ಬೀದಿಗೆ ಬಿದ್ದು ಬೊಬ್ಬೆ ಹೊಡೆದಾಗ ಅಕ್ಕಪಕ್ಕದವರು ಆಂಬುಲೆನ್ಸು ಕರೆದರು. ನರಸಿಂಹಯ್ಯನೂ ಹತ್ತಿ ಕೂತ. ಹತ್ತದೆ ಇರುವ ಹಾಗಿರಲಿಲ್ಲ.

ಆಸ್ಪತ್ರೆಯಲ್ಲಿ ಎರಡು ದಿನ ಗ್ಲೂಕೋಸು ಏರಿಸಿದ ಮೇಲೆ ಪಾಪಯ್ಯನಿಗೆ ಒಂದರ್ಧ ಗಂಟೆ ಪ್ರಜ್ಞೆ ತಿಳಿಯಾಯಿತು. ಡಾಕ್ಟರ್ ಮೋನಿಷಾ ಹಾಸಿಗೆಯ ಅಂಚಿನಲ್ಲೇ ಕೂತರು. ಪಕ್ಕದಲ್ಲಿ ನರ್ಸು ಹಾಳೆ ಹಿಡಿದಿದ್ದಳು. ಕಾಲ ಬುಡದಲ್ಲಿ ನರಸಿಂಹಯ್ಯ. ಅನುಸೂಯಮ್ಮ ಹೊರಗಿನ ಬೆಂಚಿನ ಮೇಲಿದ್ದಳು, ಒಬ್ಬರನ್ನಷ್ಟೇ ಒಳಗೆ ಬಿಡುತ್ತೇವೆ ಅಂದಾಗ, ನಾನಿರ್ತೀನಿ ಅಂತ ಮುಂದೆ ಬಂದವನು ಅವನೇ.

"ಪಾಪಯ್ಯನವರೇ, ಒಂದೇ ಮಾತು ಕೇಳ್ತೀನಿ. ಬೈಯೋಕಲ್ಲ. ನಾಟಿ ಔಷಧಿ, ಕಷಾಯ, ಸೊಪ್ಪು ಸದೆ, ಏನಾದ್ರೂ ತಗೊಂಡಿದ್ರಾ? ಗೊತ್ತಾದ್ರೆ ನಾವು ಅದಕ್ಕೆ ತಕ್ಕಂತೆ ನೋಡ್ತೀವಿ. ಇಲ್ಲಾಂದ್ರೆ ನಮ್ಮ ಔಷಧೀನೇ ಹೀಗೆ ಮಾಡಿದೆ ಅಂತ ತಿಳ್ಕೋಬೇಕಾಗುತ್ತೆ."

ಪಾಪಯ್ಯ ನಿಧಾನಕ್ಕೆ ಕಣ್ಣು ಹೊರಳಿಸಿ ಯಜಮಾನನನ್ನು ನೋಡಿದ. ಹಳದಿ ಕಣ್ಣು. ನರಸಿಂಹಯ್ಯ ಮುಖ ಪಕ್ಕಕ್ಕೆ ತಿರುಗಿಸಿಕೊಂಡ. ಈ ಬಾಯಿಂದ ಈಗ ಒಂದು ಮಾತು ಬಿದ್ದರೆ ತನ್ನ ಮಾನ ಮೂರು ಕಾಸಾಗುತ್ತದೆ. ಹೇಳಬೇಡವೋ ಅಂತ ಮನಸ್ಸಿನಲ್ಲೇ ಬೇಡಿಕೊಂಡ. ಘಾಟಿ ಸುಬ್ರಹ್ಮಣ್ಯನಿಗೆ ಹರಕೆಯನ್ನೂ ಹೊತ್ತ.

"ಇಲ್ಲ ಮೇಡಂ," ಅಂದ ಪಾಪಯ್ಯ. ಉಸಿರು ಸಾಲುತ್ತಿರಲಿಲ್ಲ, ಆದರೂ ಹೇಳಿದ. "ನೀವು ಬೇಡ ಅಂದ್ರಲ್ಲ, ಅವತ್ತೇ ಬಿಟ್ಟೆ. ನಮ್ಮಣ್ಣನೇ ಬಿಡಿಸಿದ್ರು."

ಉಂಡ ಮನೆಗೆ ಎರಡು ಬಗೆಯುವ ಪೈಕಿ ಅಲ್ಲ ಪಾಪಯ್ಯ. ಸಾಯುವ ಹೊತ್ತಿನಲ್ಲೂ ಎಳೆ ಹರಿಯದ ಹಾಗೆ ಗಂಟು ಹಾಕಿಬಿಟ್ಟ.

ನರ್ಸು ಬರೆದುಕೊಂಡಳು. ಪಾಪಯ್ಯನ ಹೆಬ್ಬೆರಳಿಗೆ ಮಸಿ ಹಚ್ಚಿ ಒತ್ತಿಸಿದಳು. ಹಾಳೆ ನರಸಿಂಹಯ್ಯನ ಕಡೆಗೆ ಬಂತು. "ನೀವು ಹೇಳಿ, ಇದು ನಿಜಾನಾ?" ಅಂದರು ಡಾಕ್ಟರು. ನರಸಿಂಹಯ್ಯ ಹೂಂಗುಟ್ಟಿ ಪೆನ್ನು ತೆಗೆದುಕೊಂಡ. ಇಂಗ್ಲಿಷಿನಲ್ಲಿ, ಬ್ಯಾಂಕಿನಲ್ಲಿ ಮಾಡುವ ಹಾಗೆ, ಉದ್ದಕ್ಕೆ ಸಹಿ ಮಾಡಿ ಕೆಳಗೊಂದು ಗೆರೆ ಎಳೆದ.

ಡಾಕ್ಟರು ಎದ್ದುಹೋದ ಮೇಲೆ ಪಾಪಯ್ಯ ಪಿಸುಗುಟ್ಟಿದ. "ಕೀರ್ತನಮ್ಮಂಗೆ ಯಾವತ್ತಣ್ಣ ಇಂಜೆಕ್ಷನ್ನು?"

"ಆಗುತ್ತೆ ಕಣ್ಲಾ. ನೀನು ಸುಮ್ನೆ ಮಲಗು."

ಕುಂಕುಮ ಹಚ್ಚಿದ ತಾರೀಖಿನ ದಿನವೇ ಪಾಪಯ್ಯ ಸತ್ತ. ಮಾರನೇ ದಿನ ಆಸ್ಪತ್ರೆಯಿಂದ ಕೀರ್ತನಳ ಫೋನಿಗೆ ಕರೆ ಬಂತು. ಲಿವರ್ ಹೋಗಿ ಒಬ್ಬರು ತೀರಿಕೊಂಡಿದ್ದಾರೆ, ಔಷಧಿ ಬಿಟ್ಟರೆ ಬೇರೆ ಕಾರಣ ಕಾಣುತ್ತಿಲ್ಲ, ಟ್ರಯಲ್ ನಿಲ್ಲಿಸಿದ್ದೇವೆ, ಎರಡನೇ ತಂಡ ಇರುವುದಿಲ್ಲ. ಕೀರ್ತನ ಫೋನು ಇಟ್ಟು, "ಪಾಪ, ಪಾಪಯ್ಯಣ್ಣ ನನಗೋಸ್ಕರ ಹೋಗಿಬಿಟ್ಟ ತಾತ," ಅಂತ ಅತ್ತಳು. ತನ್ನ ಕಣ್ಣಿನ ಬಗ್ಗೆ ಒಂದು ಮಾತೂ ಆಡಲಿಲ್ಲ. ನರಸಿಂಹಯ್ಯ ಅವಳ ತಲೆ ಸವರಿದ. ಬಾಯಿ ಮಾತ್ರ ತೆರೆಯಲಿಲ್ಲ.

ಹನ್ನೊಂದನೇ ದಿನ ತಿಥಿ. ಸತ್ತವರಿಗೆ ಇಷ್ಟವಾದದ್ದನ್ನೆಲ್ಲ ಎಡೆ ಇಡುವುದು ನಮ್ಮ ಕಡೆಯ ಪದ್ಧತಿ. ಬೀಡಿ ಸೇದುವವನಾದರೆ ಬೀಡಿ ಕಟ್ಟು, ಕುಡಿಯುವವನಾದರೆ ಕಾಲು ಬಾಟಲಿ. ಪಾಪಯ್ಯನ ಫೋಟೋದ ಮುಂದೆ ಬಾಳೆಲೆಯಲ್ಲಿ ಮುದ್ದೆ, ಮೇಕೆ ಮಾಂಸದ ಸಾರು, ತುಪ್ಪ ಹಾಕಿದ ಒಬ್ಬಟ್ಟು. ಕೊನೆಗೆ ಅನುಸೂಯಮ್ಮ ಒಳಗಿನಿಂದ ಒಂದು ಸ್ಟೀಲ್ ಲೋಟ ತಂದು ಎಲೆಯ ಪಕ್ಕಕ್ಕೆ ಇಟ್ಟಳು. ಕರ್ರನೆಯ ಕಷಾಯ. ಕಾರ್ಖಾನೆಯ ಆಳೊಬ್ಬನ ಕೈಲಿ ಬಳ್ಳಿ ತರಿಸಿ ತಾನೇ ಕುದಿಸಿದ್ದಳು.

"ಇದ್ಯಾಕೆ ಅನುಸೂಯಕ್ಕ?" ಅಂದಳು ಕೀರ್ತನ.

"ಕೊನೇವರೆಗೂ ಇದನ್ನ ಕುಡಿದೋರಲ್ವಾ ತಾಯಿ. ಬೆಳಿಗ್ಗೆ ಒಂದು, ಸಂಜೆ ಒಂದು. ಕಾಮಾಲೆ ಬಂದು ನೀರು ಸೇರದಿದ್ದಾಗಲೂ, ಅಣ್ಣ ಕೊಟ್ಟಿದ್ದು ಚೆಲ್ಲಬಾರದು ಅಂತ ಕಣ್ಣು ಮುಚ್ಕೊಂಡು ಕುಡೀತಿದ್ರು." ಅನುಸೂಯಮ್ಮ ಸೆರಗಿನಿಂದ ಕಣ್ಣೊರೆಸಿಕೊಂಡು ನರಸಿಂಹಯ್ಯನ ಕಡೆ ಕೃತಜ್ಞತೆಯಿಂದ ನೋಡಿದಳು. "ಅಣ್ಣ ತಮ್ಮ ಕೈಯಾರೆ ಕೊಡ್ತಿದ್ರು."

ಕೀರ್ತನ ಲೋಟ ನೋಡಿದಳು, ತಾತನನ್ನು ನೋಡಿದಳು. ಮಬ್ಬುಗಣ್ಣಿಗೂ ಕಾಣುವಷ್ಟು ಸ್ಪಷ್ಟವಾಗಿತ್ತು ಅವನ ಮುಖ. ತಿಥಿಯ ಊಟಕ್ಕೆ ಅವಳು ಕೂರಲಿಲ್ಲ. ಮನೆಗೆ ಬಂದ ಮೇಲೆ ಬಾಗಿಲು ಹಾಕಿ ಕೇಳಿದಳು.

"ಡಾಕ್ಟರು ಕೇಳಿದಾಗ ಹೇಳಿದ್ಯಾ?"

ನರಸಿಂಹಯ್ಯ ಟವೆಲ್ಲಿನಲ್ಲಿ ಮುಖ ಮುಚ್ಚಿಕೊಂಡ.

"ನಾಳೆ ಮೊದಲನೇ ಬಸ್ಸಿಗೆ ಹೋಗು. ಹೇಳಿ ಬಾ. ಔಷಧಿ ತಪ್ಪಲ್ಲ, ತಪ್ಪು ನಿಂದು ಅಂತ ಹೇಳು. ಮಿಕ್ಕ ಐದು ಜನಕ್ಕೆ ಕೆಲಸ ಮಾಡ್ತಿದೆಯಂತೆ ತಾತ ಅದು. ಗೊತ್ತಾ ನಿಂಗೆ?"

ಅಟ್ಟ ಮೇಲೆ ಒಲೆ ಉರಿಯಿತು, ಕೆಟ್ಟ ಮೇಲೆ ಬುದ್ಧಿ ಬಂತು. ಮಾರನೇ ಬೆಳಿಗ್ಗೆ ಅರವತ್ತೇಳು ವರ್ಷದ ಕಷಾಯದ ನರಸಿಂಹಯ್ಯ ಡಾಕ್ಟರ್ ಮೋನಿಷಾ ಅವರ ಮೇಜಿನ ಮುಂದೆ ಕೈಕಟ್ಟಿ ನಿಂತು ಎಲ್ಲವನ್ನೂ ಹೇಳಿದ. ಬಳ್ಳಿ, ಬೇರು, ಎರಡು ಲೋಟ, ಸೂಲಿಬೆಲೆಯ ಸೊಪ್ಪು, ಸುಳ್ಳು ತಿಥಿ. ಹೇಳುತ್ತಾ ಹೇಳುತ್ತಾ ಅತ್ತ. ಕಾಲು ಹಿಡಿಯುವುದಕ್ಕೂ ಹೋದ.

ಡಾಕ್ಟರು ಕೂಗಾಡಲಿಲ್ಲ. ಕೂಗಾಡಿದ್ದರೆ ಅವನಿಗೆ ಸ್ವಲ್ಪ ಸಮಾಧಾನ ಆಗುತ್ತಿತ್ತೋ ಏನೋ. ಬೀರುವಿನಿಂದ ಫೈಲು ತೆಗೆದು ಒಂದು ಹಾಳೆ ಅವನ ಮುಂದೆ ಇಟ್ಟರು. ಪಾಪಯ್ಯನ ಹೆಬ್ಬೆಟ್ಟು. ಅದರ ಕೆಳಗೆ ಉದ್ದನೆಯ ಸಹಿ, ಸಹಿಯ ಕೆಳಗೊಂದು ಗೆರೆ.

"ಇದು ನಿಮ್ಮ ಸಹಿ ತಾನೆ?"

"ಹೌದು ಡಾಕ್ಟ್ರೇ. ಆದ್ರೆ ಅದು ಸುಳ್ಳು."

"ನಾನು ನೀವು ಹೇಳಿದ್ದನ್ನ ಮೇಲಿನ ಸಮಿತಿಗೆ ಬರೀತೀನಿ. ಬರೆಯೋದು ನನ್ನ ಕೆಲಸ. ಅವರು ಏನಂತಾರೆ ಅಂತ ಈಗಲೇ ಹೇಳಿಬಿಡ್ತೀನಿ ಕೇಳಿ. ಸಾಯೋ ಮನುಷ್ಯ ಕುಡಿದಿಲ್ಲ ಅಂದಿದಾನೆ. ಸಾಕ್ಷಿ ಹೌದು ಅಂತ ಸಹಿ ಹಾಕಿದಾನೆ. ಈಗ ಅದೇ ಸಾಕ್ಷಿ, ಮೊಮ್ಮಗಳಿಗೆ ಔಷಧಿ ಸಿಗಲ್ಲ ಅಂತ ಗೊತ್ತಾದ ಮೇಲೆ ಬಂದು, ಕುಡಿದಿದ್ದ ಅಂತಿದಾನೆ. ಯಾರು ನಂಬ್ತಾರೆ? ನಿಮ್ಮ ಆಳುಗಳು, ಆತನ ಹೆಂಡತಿ ಹೇಳಿದ್ರೂ ನೀವೇ ಹೇಳಿಕೊಟ್ಟಿದ್ದು ಅಂತಾರೆ. ಔಷಧಿ ಕಂಪನಿಯವರು ಈಗಾಗಲೇ ಕೈಬಿಟ್ಟಿದಾರೆ. ಆ ಮನುಷ್ಯನ್ನ ಮಣ್ಣು ಮಾಡಿ ಆಗಿದೆ." ಅವರು ಹಾಳೆಯನ್ನು ಫೈಲಿಗೆ ಸೇರಿಸಿದರು. "ಅವತ್ತು ಆ ಹಾಸಿಗೆ ಹತ್ರ ಇದನ್ನ ಹೇಳಿದ್ರೆ ಸಾಕಾಗಿತ್ತು. ನಾವು ಮಾಡ್ತಿದ್ದ ಚಿಕಿತ್ಸೆಯೇ ಬೇರೆ ಇರ್ತಿತ್ತು. ಬಹುಶಃ ಆತನೂ ಉಳೀತಿದ್ದ. ಟ್ರಯಲ್ಲೂ ಉಳೀತಿತ್ತು."

ನರಸಿಂಹಯ್ಯ ಸರ್ಕಾರಿ ಬಸ್ಸಿನಲ್ಲಿ ವಿಜಯಪುರಕ್ಕೆ ಬಂದು ಇಳಿದಾಗ ಸಂಜೆ ಇಂಜೆಕ್ಷನ್ನಿನ ಹೊತ್ತು. ಕೀರ್ತನ ಅಡುಗೆಮನೆಯ ಕಿಟಕಿಯ ಬೆಳಕಿಗೆ ಸಿರಿಂಜು ಹಿಡಿದು ನಿಂತಿದ್ದಳು. ಗೋಡೆಯ ಕ್ಯಾಲೆಂಡರಿನ ಕುಂಕುಮದ ಗುರುತು ಹಾಗೇ ಇತ್ತು.

"ಏನಂದ್ರು?"

"ನಂಬಲ್ವಂತೆ ಕಣಮ್ಮ. ನನ್ನ ಸಹಿನೇ ತೋರಿಸಿದ್ರು."

ಅವಳು ಸಿರಿಂಜನ್ನು ಕಣ್ಣಿನ ಹತ್ತಿರಕ್ಕೆ ತಂದಳು, ದೂರ ಹಿಡಿದಳು, ಮತ್ತೆ ಹತ್ತಿರ ತಂದಳು. ಗೆರೆ ಕಾಣುತ್ತಿರಲಿಲ್ಲ. ನರಸಿಂಹಯ್ಯ ದಿನದ ಅಭ್ಯಾಸದಂತೆ ಪಕ್ಕಕ್ಕೆ ಬಂದು ಬಗ್ಗಿ ನೋಡಿ, "ಇನ್ನೊಂಚೂರು ಎಳಿಯಮ್ಮ," ಅಂದ.

ಕೀರ್ತನ ಸಿರಿಂಜನ್ನು ಎದೆಗೆ ಮರೆಮಾಡಿಕೊಂಡು ಹಿಂದೆ ಸರಿದಳು.

"ನೀನು ಎಷ್ಟು ಅಂದ್ರೂ ಅದು ನಿಜ ಅಂತ ನಾನು ಹೇಗೆ ನಂಬಲಿ ತಾತ?"

ಅವನಿಗೆ ಬೆನ್ನು ತಿರುಗಿಸಿ ನಿಂತು, ಅಂದಾಜಿನಲ್ಲೇ ಎಳೆದು, ಅಂದಾಜಿನಲ್ಲೇ ಚುಚ್ಚಿಕೊಂಡಳು.